ಟ್ರ್ಯಾಕ್ ಬಿಕೋ ಅನ್ನುತ್ತಿದೆಯಾ? ರಿವರ್ಬ್, ಡಿಲೇ, ಲೇಯರ್, ಅಗಲ: ಯಾವ ಜಾಗಕ್ಕೆ ಯಾವುದು

ಕಿಕ್ (ದಪ್ಪ ಡ್ರಮ್ ಏಟು) ಇದೆ, ಬೇಸ್ ಇದೆ, ಮೇಲೊಂದು ಸಿಂತ್ (ಸಿಂತಸೈಜರ್) ಮೆಲೊಡಿಯೂ ಇದೆ. ಆದರೂ ಪ್ಲೇ ಮಾಡಿದರೆ ಟ್ರ್ಯಾಕ್ ಬಿಕೋ ಅನ್ನುತ್ತದೆ. ಎಲೆಕ್ಟ್ರಾನಿಕ್ ಸಂಗೀತ ಮಾಡುವ ಎಲ್ಲರಿಗೂ ಈ ಹಂತ ಗೊತ್ತು. ಮೈಕ್ ಇಟ್ಟು ರೆಕಾರ್ಡ್ ಮಾಡಿದ ವಾದ್ಯದ ಜೊತೆ ಕೋಣೆಯ ಸದ್ದು, ಬೆರಳಿನ ಸದ್ದು, ಉಸಿರು ಎಲ್ಲ ತಾನಾಗಿಯೇ ಬರುತ್ತದೆ. ಸಾಫ್ಟ್‌ವೇರ್ ಸಿಂತ್‌ನ ಸ್ವರಕ್ಕೆ ಅದ್ಯಾವುದೂ ಇಲ್ಲ. ಸ್ವರ ನಿಂತಿತೋ, ಅಲ್ಲಿಗೆ ಪೂರ್ತಿ ಮೌನ. ಆ ಜಾಗವನ್ನು ನಾವೇ ತುಂಬಬೇಕು.

ತುಂಬುವುದಕ್ಕೆ ದಾರಿಗಳು ಬೇಕಾದಷ್ಟಿವೆ. ಕಷ್ಟ ಇರುವುದು ಆಯ್ಕೆಯಲ್ಲಿ. ಖಾಲಿ ಅನ್ನಿಸಿದ ಕೂಡಲೇ ಕೈ ರಿವರ್ಬ್ (ಕೋಣೆಯ ಅನುರಣನ ಕೊಡುವ ಎಫೆಕ್ಟ್) ಕಡೆ ಹೋಗುತ್ತದೆ, ಇಲ್ಲವಾದರೆ ಇನ್ನೊಂದು ಪ್ಯಾಡ್ (ಹಿಂದೆ ಉದ್ದಕ್ಕೆ ನಿಲ್ಲುವ ಮೆದು ಸೌಂಡ್) ಸೇರುತ್ತದೆ. ಹತ್ತು ನಿಮಿಷದಲ್ಲಿ ಖಾಲಿ ಇದ್ದ ಟ್ರ್ಯಾಕ್ ಗಿಜಿಗಿಜಿ ಆಗಿರುತ್ತದೆ, ಆದರೆ ತುಂಬಿದ ಹಾಗೆ ಮಾತ್ರ ಕೇಳುವುದಿಲ್ಲ. ಎಷ್ಟು ಸೇರಿಸಬೇಕು ಅನ್ನುವುದಕ್ಕಿಂತ ಮೊದಲು, ಖಾಲಿ ಇರುವುದು ಎಲ್ಲಿ ಅಂತ ಹುಡುಕಬೇಕು. ಅದು ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಎಲ್ಲಿ ಖಾಲಿ?

ಖಾಲಿ ನಾಲ್ಕು ಕಡೆ ಇರಬಹುದು. ಒಂದು, ಫ್ರೀಕ್ವೆನ್ಸಿಯಲ್ಲಿ: ಕೆಳಗಿನ ಗುಡುಗಿನಿಂದ ಮೇಲಿನ ಚುರುಕಿನವರೆಗೆ, ಅಂದರೆ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ, ಎಲ್ಲೋ ಒಂದು ಪಟ್ಟಿ ಬರಿದಾಗಿದೆ. ಎರಡು, ಅಗಲದಲ್ಲಿ: ಎಲ್ಲ ಸೌಂಡೂ ನಡುವೆಯೇ ಗುಂಪುಗೂಡಿದೆ. ಮೂರು, ಆಳದಲ್ಲಿ: ಎಲ್ಲವೂ ಕಿವಿಗೆ ಒಂದೇ ದೂರದಲ್ಲಿದೆ. ನಾಲ್ಕು, ಕಾಲದಲ್ಲಿ: ಒಂದು ಸ್ವರಕ್ಕೂ ಮುಂದಿನದಕ್ಕೂ ನಡುವೆ ಏನೂ ಇಲ್ಲ.

ಪತ್ತೆ ಮಾಡುವುದು ಸುಲಭ. ಮಾಸ್ಟರ್ (ಎಲ್ಲ ಸೌಂಡೂ ಸೇರುವ ಕೊನೆಯ ಚಾನೆಲ್) ಮೇಲೆ ಸ್ಪೆಕ್ಟ್ರಮ್ ಅನಲೈಸರ್ (ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ತೋರಿಸುವ ಗ್ರಾಫ್) ಹಾಕಿ ನೋಡಿ. ಕಿಕ್, ಬೇಸ್ ಎರಡೂ 150 ಹರ್ಟ್ಸ್ ಕೆಳಗೆ, ಹೈ-ಹ್ಯಾಟ್ 6,000 ಮೇಲೆ, ನಡುವೆ ಮೆಲೊಡಿಯದೊಂದು ಸಣ್ಣ ಗುಡ್ಡ ಅಂತಿದ್ದರೆ ಕೊರತೆ ಫ್ರೀಕ್ವೆನ್ಸಿಯದು. ಮೋನೊ (ಎಡ, ಬಲ ಎರಡನ್ನೂ ಸೇರಿಸಿ ಒಂದೇ ಮಾಡುವ) ಬಟನ್ ಒತ್ತಿದಾಗ ಏನೂ ಬದಲಾಗದಿದ್ದರೆ ಅಗಲ ಇಲ್ಲ. ಕಣ್ಣು ಮುಚ್ಚಿ ಕೇಳಿದಾಗ ಯಾವುದು ಮುಂದೆ, ಯಾವುದು ಹಿಂದೆ ಅಂತ ಹೇಳಲಾಗದಿದ್ದರೆ ಆಳ ಇಲ್ಲ. ಕಿಕ್ ಮ್ಯೂಟ್ ಮಾಡಿದಾಗ ಟ್ರ್ಯಾಕ್ ತುಂಡುತುಂಡಾಗಿ ಕೇಳಿದರೆ ಕೊರತೆ ಕಾಲದ್ದು.

ಇಲ್ಲೇ ಒಂದು ವಿಷಯ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಬಿಡಿಯಾಗಿ ನೋಡಿದರೆ ರಿವರ್ಬ್ ಆಗಲಿ, ಡಿಲೇ (ಪ್ರತಿಧ್ವನಿ ಕೊಡುವ ಎಫೆಕ್ಟ್) ಆಗಲಿ ಹೊಸ ಫ್ರೀಕ್ವೆನ್ಸಿ ಹುಟ್ಟಿಸುವುದಿಲ್ಲ. ಇರುವುದನ್ನೇ ಕಾಲದಲ್ಲಿ ಹರಡುತ್ತವೆ, ಅಷ್ಟೇ. ನಡುವಿನ ಪಟ್ಟಿಯಲ್ಲಿ ಏನೂ ಇಲ್ಲದ ಟ್ರ್ಯಾಕ್‌ಗೆ ಎಷ್ಟು ರಿವರ್ಬ್ ಸುರಿದರೂ ನಡುವಿನ ಪಟ್ಟಿ ಖಾಲಿಯೇ ಉಳಿಯುತ್ತದೆ. ಹೊಸ ಹಾರ್ಮೊನಿಕ್ (ಸ್ವರದ ಮೇಲೆ ಬರುವ ಉಪಸ್ವರ) ಬೇಕಾದರೆ ಸ್ಯಾಚುರೇಶನ್ (ಸದ್ದನ್ನು ಸ್ವಲ್ಪ ಒಡೆದು ದಪ್ಪ ಮಾಡುವ ಎಫೆಕ್ಟ್) ಬೇಕು, ಹೊಸ ಲೇಯರ್ (ಅದರ ಜೊತೆ ನುಡಿಯುವ ಇನ್ನೊಂದು ಸೌಂಡ್) ಬೇಕು, ಅಥವಾ ಸ್ವರಗಳೇ ಜಾಗ ಬದಲಿಸಬೇಕು.

ಸೇರಿಸುವ ಮೊದಲು, ಇರುವುದನ್ನೇ ಹರಡಿ

ಎಲ್ಲಕ್ಕಿಂತ ಮೊದಲು ನಾನು ನೋಡುವುದು ಸ್ವರಗಳನ್ನು. ಇದಕ್ಕೆ ಪ್ಲಗಿನ್ ಬೇಡ, ಸಿಪಿಯು ಬೇಡ, ಮಿಕ್ಸ್ ಕೆಡುವ ಭಯವೂ ಕಡಿಮೆ. ಆದರೂ ಜಾಸ್ತಿ ಜನ ಇದನ್ನು ಬಿಟ್ಟು ನೇರ ಎಫೆಕ್ಟ್‌ಗೆ ಹೋಗುತ್ತಾರೆ.

ಒಂದು ಸಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ತಗೊಳ್ಳಿ. ಸಿ3, ಇ3, ಜಿ3 (ಅಂಕಿ ಸ್ಥಾಯಿಯದು) ಒತ್ತೊತ್ತಾಗಿ ಬರೆದರೆ ಮೂಲ ಸ್ವರಗಳೆಲ್ಲ 131ರಿಂದ 196 ಹರ್ಟ್ಸ್ ಒಳಗೇ ಕೂತಿರುತ್ತವೆ. ಈಗ ನಡುವಿನ ಇ ಸ್ವರವನ್ನು ಒಂದು ಸ್ಥಾಯಿ ಮೇಲಕ್ಕೆ ಎತ್ತಿ. ಸಿ3, ಜಿ3, ಇ4 ಆಯಿತು. ಅದೇ ಮೂರು ಸ್ವರ, ಅದೇ ಸಿಂತ್, ಆದರೆ ಹರಹು 131ರಿಂದ 330 ಹರ್ಟ್ಸ್‌ಗೆ ಹೋಯಿತು. ಕಾರ್ಡ್ ತಟ್ಟನೆ ತೆರೆದುಕೊಳ್ಳುತ್ತದೆ. ಕೆಳ ಸ್ಥಾಯಿಯಲ್ಲಂತೂ ಇದು ಬೇಕೇ ಬೇಕು. ಸಿ2 ಮತ್ತು ಇ2 ನಡುವೆ ಇರುವುದು ಬರೀ 17 ಹರ್ಟ್ಸ್ ಅಂತರ. ಅಷ್ಟು ಹತ್ತಿರದ ಎರಡು ಸ್ವರಗಳನ್ನು ಕಿವಿ ಸರಿಯಾಗಿ ಬೇರೆ ಮಾಡಲಾರದು, ಗರಗರ ಅನ್ನುತ್ತದೆ. ಕೆಳಗೆ ಮೂಲ ಸ್ವರ, ಅದರ ಪಂಚಮ ಇಟ್ಟು ಉಳಿದದ್ದನ್ನು ಮೇಲೆ ಕಳಿಸಿ.

ಸ್ವರದ ಉದ್ದವೂ ಹಾಗೇ. ಚಿಕ್ಕ ಸ್ಟ್ಯಾಬ್‌ಗಳ (ಚುಟುಕು ಕಾರ್ಡ್ ಏಟುಗಳ) ನಡುವೆ ಖಾಲಿ ಕಾಣುತ್ತಿದ್ದರೆ ಆಂಪ್ಲಿಟ್ಯೂಡ್ ಎನ್ವೆಲಪ್‌ನ ರಿಲೀಸನ್ನು (ಕೀ ಬಿಟ್ಟ ಮೇಲೆ ಸ್ವರ ಇಳಿಯುವ ಹೊತ್ತನ್ನು) 50 ಮಿಲಿಸೆಕೆಂಡ್‌ನಿಂದ 500ಕ್ಕೆ ತಿರುಗಿಸಿ ನೋಡಿ. ಎಷ್ಟೋ ಸಲ ರಿವರ್ಬ್ ಬೇಕು ಅನ್ನಿಸಿದ್ದು ಅಲ್ಲಿಗೇ ತೀರುತ್ತದೆ. ಸಿಂತ್‌ನ ಫಿಲ್ಟರ್ (ಮೇಲಿನ ಫ್ರೀಕ್ವೆನ್ಸಿ ಕತ್ತರಿಸುವ ಭಾಗ) ಮುಚ್ಚಿಟ್ಟು ಮೇಲ್ಗಡೆ ಖಾಲಿ ಅಂತ ಹೊಸ ಲೇಯರ್ ಹುಡುಕುವುದೂ ಉಂಟು. ಮೊದಲು ಫಿಲ್ಟರ್ ತೆರೆದು ನೋಡಬಹುದಲ್ವಾ?

ಈ ದಾರಿ ಒಗ್ಗದ ಕಡೆಯೂ ಇದೆ. ಚುರುಕಾಗಿ, ಬಿಗಿಯಾಗಿ ಇರಬೇಕಾದ ಆರ್ಪೆಜಿಯೊದ (ಕಾರ್ಡನ್ನು ಬಿಡಿಬಿಡಿಯಾಗಿ ನುಡಿಸುವುದು) ಸ್ವರ ಉದ್ದ ಮಾಡಿದರೆ ಅದರ ಜೀವವೇ ಹೋಗುತ್ತದೆ. ಅಂಥ ಕಡೆ ಸ್ವರವನ್ನು ಮುಟ್ಟದೆ ಬಾಲವನ್ನು ಮಾತ್ರ ಕೊಡಬೇಕು. ಆಗ ಬರುವ ಪ್ರಶ್ನೆ ಮುಂದಿನದು.

ರಿವರ್ಬಾ, ಡಿಲೇನಾ?

ನನ್ನ ಉತ್ತರ: ತಾಳ ಇರುವ ಸಂಗೀತಕ್ಕೆ ಮೊದಲು ಡಿಲೇ. ಆಳ ಸಾಲದಿದ್ದರೆ ಆಮೇಲೆ ರಿವರ್ಬ್.

ಡಿಲೇ ಒಂದೊಂದೇ ಪ್ರತಿಧ್ವನಿ ಕೊಡುತ್ತದೆ. ಎರಡು ಪ್ರತಿಧ್ವನಿಗಳ ನಡುವೆ ಮಿಕ್ಸ್‌ಗೆ ಉಸಿರಾಡಲು ಜಾಗ ಇರುತ್ತದೆ. ಜೊತೆಗೆ ಅದು ತಾಳಕ್ಕೆ ಕಟ್ಟಿಕೊಳ್ಳುತ್ತದೆ. ಲೆಕ್ಕ ಸರಳ: 60,000ವನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್) ಭಾಗಿಸಿದರೆ ಒಂದು ಬೀಟಿನ ಮಿಲಿಸೆಕೆಂಡ್ ಸಿಗುತ್ತದೆ. 120 ಬಿಪಿಎಂಗೆ ಒಂದು ಬೀಟ್ 500, ಅರ್ಧ ಬೀಟ್ 250, ಮುಕ್ಕಾಲು ಬೀಟ್ 375. ನಾನು ಜಾಸ್ತಿ ಬಳಸುವುದು ಈ ಮುಕ್ಕಾಲನ್ನೇ. ಅರ್ಧ ಬೀಟಿನ ಪ್ರತಿಧ್ವನಿ ನಿಮ್ಮ ಸ್ವರಗಳು ಬೀಳುವ ಕಡೆಯೇ ಬಿದ್ದು ಅಡಗಿಹೋಗುತ್ತದೆ. ಮುಕ್ಕಾಲಿನದು ಸ್ವರಗಳ ಸಂದಿಯಲ್ಲಿ ಬೀಳುತ್ತದೆ. ಅಂದರೆ ಖಾಲಿ ಇರುವ ಜಾಗಕ್ಕೇ ಹೋಗಿ ಕೂರುತ್ತದೆ. ಪ್ರತಿಧ್ವನಿಯ ಮೇಲ್ಭಾಗವನ್ನು ಫಿಲ್ಟರ್‌ನಿಂದ ಸ್ವಲ್ಪ ಕತ್ತರಿಸಿದರೆ ಅದು ಹಿಂದೆ ಸರಿದು ನಿಲ್ಲುತ್ತದೆ, ಮೂಲ ಸ್ವರದ ಜೊತೆ ಜಗಳಕ್ಕೆ ಬರುವುದಿಲ್ಲ.

1970ರ ದಶಕದಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಸೌಂಡ್ ಎಂಜಿನಿಯರ್ ಕಿಂಗ್ ಟಬ್ಬಿ ಮಾಡಿದ ಡಬ್ (ರೆಗ್ಗೆ ಹಾಡನ್ನು ಕಳಚಿ ಮತ್ತೆ ಕಟ್ಟಿದ) ಮಿಕ್ಸ್‌ಗಳು ಇದರ ದೊಡ್ಡ ಪಾಠ. ಅವರು ಮೊದಲು ವಾದ್ಯಗಳನ್ನು ತೆಗೆಯುತ್ತಿದ್ದರು. ಗಿಟಾರ್ ಹೋಯಿತು, ದನಿ ಹೋಯಿತು. ಉಳಿದ ಒಂದು ಸ್ನೇರ್ ಏಟನ್ನು ಅಥವಾ ದನಿಯ ಒಂದು ತುಣುಕನ್ನು ಎಕೋಗೆ ಎಸೆಯುತ್ತಿದ್ದರು. ತೆಗೆದದ್ದರಿಂದ ಆದ ಜಾಗವನ್ನು ಆ ಎಕೋ ತುಂಬುತ್ತಿತ್ತು. 1993ರಿಂದ ಬರ್ಲಿನ್‌ನ ಬೇಸಿಕ್ ಚಾನೆಲ್ ಜೋಡಿ ಇದೇ ದಾರಿಯನ್ನು ಟೆಕ್ನೊಗೆ ತಂದಿತು. ಒಂದು ಚಿಕ್ಕ ಕಾರ್ಡ್, ಅದರ ಡಿಲೇ, ಹಿಂದೆ ಒಂದಿಷ್ಟು ಮೊರೆತ. ಅಷ್ಟರಲ್ಲೇ ಇಡೀ ಟ್ರ್ಯಾಕ್ ತುಂಬಿಕೊಳ್ಳುತ್ತದೆ.

ರಿವರ್ಬ್‌ನ ಬಲ ಬೇರೆ. ಸಾವಿರಾರು ಪ್ರತಿಫಲನಗಳು ಒಟ್ಟಿಗೆ ಬರುವುದರಿಂದ ಅದು ಸಂದಿ ಬಿಡದೆ ತುಂಬುತ್ತದೆ. ತಾಳ ಸಡಿಲವಿರುವ ಕಡೆ, ಉದ್ದ ಸ್ವರಗಳ ಕಡೆ ಡಿಲೇಗಿಂತ ಇದೇ ಸರಿ. ಸೌಂಡನ್ನು ಒಂದು ಜಾಗದಲ್ಲಿ ಕೂರಿಸುವ ಕೆಲಸವನ್ನೂ ಇದೇ ಚೆನ್ನಾಗಿ ಮಾಡುತ್ತದೆ. ಆದರೆ ಬಾಲದ ಉದ್ದದ ಮೇಲೆ ಕಣ್ಣಿರಲಿ. 120 ಬಿಪಿಎಂನಲ್ಲಿ ನಾಲ್ಕು ಬೀಟಿನ ಒಂದು ಬಾರ್ ಅಂದರೆ ಸರಿಯಾಗಿ 2 ಸೆಕೆಂಡ್. ರಿವರ್ಬ್ ಡಿಕೇಯನ್ನು (ಬಾಲ ಇಳಿಯುವ ಹೊತ್ತನ್ನು) 4 ಸೆಕೆಂಡ್‌ಗೆ ಇಟ್ಟು ಬಾರ್‌ಗೊಂದು ಕಾರ್ಡ್ ಬದಲಿಸಿದರೆ, ಹಳೆಯ ಕಾರ್ಡಿನ ಬಾಲ ಹೊಸ ಕಾರ್ಡಿನ ಮೇಲೆ ಪೂರ್ತಿ ಚಾಚಿಕೊಂಡಿರುತ್ತದೆ. ಎರಡೂ ಕಾರ್ಡ್‌ಗೆ ಹೊಂದುವ ಸ್ವರಗಳಿದ್ದರೆ ಚೆಂದ, ಇಲ್ಲದಿದ್ದರೆ ಕಲಸುಮೇಲೋಗರ. ಕಾರ್ಡ್ ಬದಲಾಗುವಷ್ಟರಲ್ಲಿ ಬಾಲ ಇಳಿಯುವ ಹಾಗೆ ಇಡುವುದು ಒಳ್ಳೆಯ ಶುರು.

ರಿವರ್ಬ್ ಬಳಸುವಾಗ ಎರಡು ನಾಬ್ ಮರೆಯಬೇಡಿ. ಪ್ರಿ-ಡಿಲೇಯನ್ನು 20ರಿಂದ 40 ಮಿಲಿಸೆಕೆಂಡ್ ಇಟ್ಟರೆ ಮೂಲ ಸ್ವರ ಮೊದಲು ಸ್ವಚ್ಛವಾಗಿ ಕೇಳಿ, ಕೋಣೆ ಆಮೇಲೆ ಬರುತ್ತದೆ. ಸೌಂಡ್ ಮುಂದೆಯೇ ಇರುತ್ತದೆ, ಹಿಂದೆ ಜಾಗ ಇರುತ್ತದೆ. ಇನ್ನೊಂದು, ರಿವರ್ಬ್‌ನ ಕೆಳಭಾಗ ಕತ್ತರಿಸುವುದು. ರಿವರ್ಬ್ ಚಾನೆಲ್ ಮೇಲೆ ಹೈ-ಪಾಸ್ ಫಿಲ್ಟರ್ ಹಾಕಿ 300 ಹರ್ಟ್ಸ್‌ನಿಂದ ಶುರುಮಾಡಿ, ಬೇಕಾದರೆ 600ರವರೆಗೂ ಹೋಗಿ. ಕೆಳಗಿನ ಜೋರು ಸದ್ದು ತನಗಿಂತ ಮೇಲಿನ ಸದ್ದನ್ನು ಮುಚ್ಚಿಹಾಕುತ್ತದೆ, ಕಿವಿಯ ಗುಣವೇ ಅದು. ಕತ್ತರಿಸದ ರಿವರ್ಬ್ ಇಡೀ ಮಿಕ್ಸ್‌ಗೆ ಕಂಬಳಿ ಹೊದಿಸಿದ ಹಾಗೆ ಆಗುವುದು ಇದರಿಂದಲೇ.

ಎಲ್ಲ ಟ್ರ್ಯಾಕ್‌ಗೂ ರಿವರ್ಬ್ ಹಾಕುವ ಅಭ್ಯಾಸ ನಿಮಗಿದ್ದರೆ ದಯವಿಟ್ಟು ಬಿಡಿ. ಎಲ್ಲವೂ ಹಿಂದೆ ಹೋದರೆ ಆಳ ಗೊತ್ತಾಗುವುದಾದರೂ ಹೇಗೆ? ಒಂದೆರಡು ಸೌಂಡ್ ಒಣಗಿದ ಹಾಗೆ, ಕಿವಿಯ ಪಕ್ಕದಲ್ಲೇ ಇರಲಿ. ಆಗಲೇ ಉಳಿದವು ದೂರ ಅನ್ನಿಸುವುದು.

ಅಗಲಕ್ಕೆ ನಾಲ್ಕು ದಾರಿ

ಒಂದೇ ಸೌಂಡಿನ ಎರಡು ನಕಲನ್ನು ಎಡಕ್ಕೊಂದು ಬಲಕ್ಕೊಂದು ಇಟ್ಟರೆ ಅಗಲ ಸಿಗುವುದಿಲ್ಲ. ಅದು ನಡುವೆಯೇ, ಸುಮ್ನೆ ಜೋರಾಗಿ ಕೇಳುತ್ತದೆ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಇದ್ದಾಗ ಮಾತ್ರ ಅಗಲ. ಆ ವ್ಯತ್ಯಾಸ ಎಲ್ಲಿಂದ ತರುತ್ತೀರಿ ಅನ್ನುವುದರ ಮೇಲೆ ಫಲ ನಿಂತಿದೆ.

ನನಗೆ ಅತಿ ಇಷ್ಟದ್ದು ಪ್ಯಾನಿಂಗ್. ಎಡಕ್ಕೆ ಒಂದು ತಾಳದ ತುಣುಕು, ಬಲಕ್ಕೆ ಅದಕ್ಕೆ ಉತ್ತರ ಕೊಡುವ ಇನ್ನೊಂದು. ಎರಡೂ ಬೇರೆ ಬೇರೆ ಸೌಂಡ್ ಆಗಿರುವುದರಿಂದ ಮೋನೊದಲ್ಲಿ ಕೇಳಿದರೂ ಒಂದನ್ನೊಂದು ಅಳಿಸಿಹಾಕುವುದಿಲ್ಲ.

ಇದಕ್ಕೆ ತದ್ವಿರುದ್ಧ ಹಾಸ್ ವಿಧಾನ. ಜರ್ಮನ್ ಸಂಶೋಧಕ ಹೆಲ್ಮುಟ್ ಹಾಸ್ 1949ರಲ್ಲಿ ತಮ್ಮ ಪ್ರಬಂಧದಲ್ಲಿ ತೋರಿಸಿದ್ದು ಇದು: ಒಂದೇ ಸದ್ದು ಎರಡು ಕಡೆಯಿಂದ ಸುಮಾರು 30 ಮಿಲಿಸೆಕೆಂಡ್ ಒಳಗೆ ಬಂದರೆ ಕಿವಿ ಅದನ್ನು ಎರಡಾಗಿ ಕೇಳುವುದಿಲ್ಲ, ಮೊದಲು ಬಂದ ಕಡೆಯಿಂದಲೇ ಬಂತು ಅಂದುಕೊಳ್ಳುತ್ತದೆ. ಇದನ್ನೇ ಹಿಡಿದು ಒಂದು ಕಡೆಯನ್ನು ಸ್ವಲ್ಪ ತಡ ಮಾಡಿದರೆ ಹೆಡ್‌ಫೋನ್‌ನಲ್ಲಿ ಸೌಂಡ್ ಭರ್ಜರಿಯಾಗಿ ಅಗಲವಾಗುತ್ತದೆ. ಈಗ ಮೋನೊ ಮಾಡಿ. ತಡ 10 ಮಿಲಿಸೆಕೆಂಡ್ ಇದ್ದರೆ 50, 150, 250, 350 ಹರ್ಟ್ಸ್, ಹೀಗೆ ಮೇಲಿನವರೆಗೂ 100 ಹರ್ಟ್ಸ್‌ಗೊಂದು ಕಡೆ ಎರಡು ನಕಲುಗಳು ಒಂದನ್ನೊಂದು ಅಳಿಸುತ್ತವೆ. ಸೌಂಡ್ ಟೊಳ್ಳಾಗಿ, ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಒಂದೇ ಸ್ಪೀಕರಿನ ಫೋನ್‌ಗಳು, ಚಿಕ್ಕ ಬ್ಲೂಟೂತ್ ಸ್ಪೀಕರ್‌ಗಳು, ಎಷ್ಟೋ ಕ್ಲಬ್‌ಗಳ ಸೌಂಡ್ ಸಿಸ್ಟಮ್‌ಗಳು ಮೋನೊದಲ್ಲೇ ನುಡಿಸುತ್ತವೆ. ಹಾಗಾಗಿ ಮುಖ್ಯ ಮೆಲೊಡಿಗೆ ಹಾಸ್ ಬೇಡ. ಹೋದರೂ ಪರವಾಗಿಲ್ಲ ಅನ್ನುವ ಪಕ್ಕದ ಸೌಂಡಿಗೆ ಇರಲಿ.

ನಡುವಿನ ಎರಡು ದಾರಿಗಳು ಯೂನಿಸನ್ (ಶ್ರುತಿ ಚೂರು ಸರಿಸಿದ ಹಲವು ನಕಲುಗಳನ್ನು ಒಟ್ಟಿಗೆ ನುಡಿಸುವುದು) ಮತ್ತು ಕೋರಸ್ (ಸ್ವಲ್ಪ ತಡವಾಗಿ, ಶ್ರುತಿ ತೂಗುತ್ತಾ ಬರುವ ನಕಲನ್ನು ಬೆರೆಸುವ ಎಫೆಕ್ಟ್). 1996ರ ರೋಲ್ಯಾಂಡ್ ಜೆಪಿ-8000 ಸಿಂತ್‌ನ ಸೂಪರ್‌ಸಾ ಅಂದರೆ ಏಳು ಸಾ-ಟೂತ್ ಅಲೆಗಳನ್ನು ಶ್ರುತಿ ಸ್ವಲ್ಪ ಸ್ವಲ್ಪ ಸರಿಸಿ ಒಟ್ಟಿಗೆ ನುಡಿಸುವುದು. ಟ್ರಾನ್ಸ್ ಸಂಗೀತದ ಆ ಗೋಡೆಯಂಥ ಲೀಡ್ (ಮುಖ್ಯ ಮೆಲೊಡಿಯ ಸೌಂಡ್) ಬಂದದ್ದು ಅಲ್ಲಿಂದ. ಕೋರಸ್ ಇನ್ನೂ ಮೆದು. 1980ರ ದಶಕದ ರೋಲ್ಯಾಂಡ್ ಜುನೊ ಸಿಂತ್‌ಗಳಲ್ಲಿ ಒಂದು ಸ್ವರಕ್ಕೆ ಒಂದೇ ಆಸಿಲೇಟರ್ (ಅಲೆ ಹುಟ್ಟಿಸುವ ಭಾಗ) ಇದ್ದರೂ ಅಷ್ಟು ತುಂಬಿದ ಹಾಗೆ ಕೇಳುತ್ತಿದ್ದದ್ದು ಒಳಗಿದ್ದ ಕೋರಸ್‌ನಿಂದ. ಲೀಡ್ ಗೋಡೆಯಾಗಬೇಕಾದರೆ ಯೂನಿಸನ್, ಪ್ಯಾಡ್ ಬೆಚ್ಚಗಿರಬೇಕಾದರೆ ಕೋರಸ್. ಯೂನಿಸನ್ ಜಾಸ್ತಿ ಜಾಗ ತಿನ್ನುತ್ತದೆ, ಅದರ ಪಕ್ಕ ಇನ್ನೊಂದು ದೊಡ್ಡ ಸೌಂಡ್ ನಿಲ್ಲುವುದು ಕಷ್ಟ.

ಬೇಸ್‌ಗೆ ಮಾತ್ರ ಇವೆರಡೂ ಬೇಡ. ಲೆಕ್ಕ ನೋಡಿ. 880 ಹರ್ಟ್ಸ್ ಸ್ವರದ ಎರಡು ನಕಲುಗಳ ನಡುವೆ 10 ಸೆಂಟ್ (ಒಂದು ಸೆಮಿಟೋನಿನ ಹತ್ತನೇ ಒಂದು ಭಾಗ) ವ್ಯತ್ಯಾಸ ಇಟ್ಟರೆ ಸೆಕೆಂಡಿಗೆ ಐದು ಸಲ ಅಲೆ ಏರಿಳಿಯುತ್ತದೆ, ಮಿನುಗಿದ ಹಾಗೆ ಕೇಳುತ್ತದೆ. 55 ಹರ್ಟ್ಸ್ ಬೇಸ್‌ಗೆ ಅದೇ 10 ಸೆಂಟ್ ಇಟ್ಟರೆ ಒಂದು ಏರಿಳಿತಕ್ಕೆ ಸುಮಾರು 3 ಸೆಕೆಂಡ್ ಬೇಕು. ಅಂದರೆ ಒಂದು ಬಾರ್‌ನಲ್ಲಿ ಬೇಸ್ ದಪ್ಪ, ಮುಂದಿನದರಲ್ಲಿ ಮಾಯ. ಸುಮಾರು 100 ಹರ್ಟ್ಸ್ ಕೆಳಗಿನದನ್ನು ಮೋನೊ ಇಟ್ಟು, ಮೇಲಿನ ಭಾಗವನ್ನು ಮಾತ್ರ ಅಗಲ ಮಾಡಿ.

ದಪ್ಪಕ್ಕೆ: ಸ್ಯಾಚುರೇಶನ್ ಅಥವಾ ಲೇಯರ್

ಬೇಸ್ ದೊಡ್ಡ ಸ್ಪೀಕರಿನಲ್ಲಿ ಚೆನ್ನಾಗಿದ್ದು ಫೋನಿನಲ್ಲಿ ಕಾಣೆಯಾದರೆ, ಸ್ಯಾಚುರೇಶನ್. 50 ಹರ್ಟ್ಸ್‌ನ ಶುದ್ಧ ಸೈನ್ ಅಲೆಯನ್ನು ಫೋನ್ ಸ್ಪೀಕರ್ ನುಡಿಸಲಾರದು. ಸ್ಯಾಚುರೇಶನ್ ಅದರ ಮೇಲೆ 100, 150, 200 ಹರ್ಟ್ಸ್, ಹೀಗೆ ಸರಣಿ ಬೆಳೆಸುತ್ತದೆ. ಮೇಲಿನವು ಕೇಳಿದರೆ ಸಾಕು, ಕೆಳಗಿನ 50 ಇಲ್ಲದಿದ್ದರೂ ಮೆದುಳು ಅದೇ ಶ್ರುತಿಯನ್ನು ಕಟ್ಟಿಕೊಳ್ಳುತ್ತದೆ. ಇನ್ನೊಂದು ಬೇಸ್ ಲೇಯರ್ ಹಾಕಿ ಫೇಸ್ (ಎರಡೂ ಅಲೆಗಳ ಏರಿಳಿತ) ಹೊಂದಿಸುತ್ತಾ ಕೂರುವುದಕ್ಕಿಂತ ಇದು ಎಷ್ಟೋ ವಾಸಿ.

ಕಾರ್ಡ್‌ಗಳಿಗೆ ಲೇಯರ್ ವಾಸಿ. ಹಲವು ಸ್ವರಗಳು ಒಟ್ಟಿಗೆ ಸ್ಯಾಚುರೇಟರ್ ಒಳಗೆ ಹೋದರೆ ಅವುಗಳ ಫ್ರೀಕ್ವೆನ್ಸಿಗಳ ಮೊತ್ತವೂ ವ್ಯತ್ಯಾಸವೂ ಹೊಸ ಸದ್ದಾಗಿ ಹುಟ್ಟುತ್ತವೆ. ಮೂಲ ಸ್ವರ ಮತ್ತು ಪಂಚಮ ಇದ್ದರೆ ಅದು ಹೊಂದುತ್ತದೆ, ಗಟ್ಟಿಯಾಗಿ ಕೇಳುತ್ತದೆ. ನಾಲ್ಕು ಸ್ವರದ ಸೆವೆಂತ್ ಕಾರ್ಡ್‌ಗೆ ಅದೇ ಮಾಡಿದರೆ ಗಲೀಜು. ಲೇಯರ್ ಹಾಕುವಾಗ ಒಂದೊಂದಕ್ಕೂ ಬೇರೆ ಕೆಲಸ ಕೊಡಿ: ಒಂದು ಏಟಿಗೆ, ಒಂದು ಮೈಗೆ, ಒಂದು ಮೇಲಿನ ಗಾಳಿಗೆ. ಪ್ರತಿ ಲೇಯರ್‌ನಲ್ಲೂ ಅದರ ಕೆಲಸಕ್ಕೆ ಸೇರದ ಭಾಗವನ್ನು ಈಕ್ಯೂನಲ್ಲಿ (ಈಕ್ವಲೈಸರ್) ತೆಗೆಯಿರಿ. ಒಂದನ್ನು ಮ್ಯೂಟ್ ಮಾಡಿದಾಗ ಏನೂ ಕಳೆದುಹೋದ ಹಾಗೆ ಅನ್ನಿಸದಿದ್ದರೆ ಅದನ್ನು ಅಳಿಸಿಬಿಡಿ.

ಹಿಂದೆ ಹಾಸುವುದು

ಸ್ವರಗಳ ನಡುವಿನ ಪೂರ್ತಿ ಮೌನ ಮಾತ್ರ ಕಾಡುತ್ತಿದ್ದರೆ ಪ್ಯಾಡ್ ಬೇಕಾಗಿಲ್ಲ. ತೆಳುವಾದ ಒಂದು ಮೊರೆತ ಸಾಕು. ಪಿಂಕ್ ನಾಯ್ಸ್, ಮಳೆಯ ರೆಕಾರ್ಡಿಂಗ್, ಟೇಪಿನ ಸುಯ್ಯೆನ್ನುವಿಕೆ, ಯಾವುದಾದರೂ ಆಗುತ್ತದೆ. ಪ್ಯಾಡ್‌ಗೆ ಶ್ರುತಿ ಇದೆ, ಕಾರ್ಡ್ ಬದಲಾದಾಗಲೆಲ್ಲ ಅದೂ ಬದಲಾಗಬೇಕು. ಮೊರೆತಕ್ಕೆ ಆ ಹಂಗಿಲ್ಲ. ಕೇಳಿಸುತ್ತಿದೆ ಅಂತ ಗೊತ್ತಾಗದಷ್ಟು ಮೆಲ್ಲಗೆ ಇಡಿ, ತೆಗೆದಾಗ ಮಾತ್ರ ಗೊತ್ತಾಗಬೇಕು.

ಇವೆರಡರ ನಡುವೆ ಗ್ರ್ಯಾನ್ಯುಲರ್ ಇದೆ. ನಿಮ್ಮದೇ ಮೆಲೊಡಿಯನ್ನು 100 ಮಿಲಿಸೆಕೆಂಡ್‌ಗಿಂತ ಚಿಕ್ಕ ಚೂರುಗಳಾಗಿ ಒಡೆದು ಮೋಡದಂತೆ ಹರಡುತ್ತದೆ. ಹೊಸ ಸೌಂಡ್ ತಂದ ಹಾಗೂ ಆಯಿತು, ಅದು ಟ್ರ್ಯಾಕಿನ ಒಳಗಿನದೇ ಅನ್ನಿಸಿದ ಹಾಗೂ ಆಯಿತು. ಪ್ಯಾಡ್ ಪ್ರಿಸೆಟ್ ಹುಡುಕುತ್ತಾ ಗಂಟೆ ಕಳೆಯುವುದಕ್ಕಿಂತ ನನಗೆ ಇದೇ ಇಷ್ಟ.

ಹಾಸಿದ್ದು ಯಾವುದೇ ಆಗಲಿ, ಕಿಕ್‌ನಿಂದ ಸೈಡ್‌ಚೈನ್ ಕೊಟ್ಟು ಕಿಕ್ ಬಿದ್ದಾಗ ಅದು ಮೂರ್ನಾಲ್ಕು ಡೆಸಿಬೆಲ್ ತಗ್ಗುವ ಹಾಗೆ ಮಾಡಿ. ತುಂಬಿದ್ದು ತುಂಬಿದಂತೆಯೇ ಇರುತ್ತದೆ, ಕಿಕ್‌ಗೂ ದಾರಿ ಸಿಗುತ್ತದೆ.

ಹೋಲಿಸುವಾಗ ಒಂದು ಎಚ್ಚರ

ಏನೇ ಸೇರಿಸಿದರೂ ಟ್ರ್ಯಾಕ್ ಸ್ವಲ್ಪ ಜೋರಾಗುತ್ತದೆ. ಜೋರಾದದ್ದು ಕಿವಿಗೆ ತುಂಬಿದಂತೆ ಕೇಳುತ್ತದೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು ಅಳೆದು ತೋರಿಸಿದ ವಿಷಯ ಇದರ ಹಿಂದಿದೆ: ಮೆಲ್ಲಗಿನ ಸದ್ದಿನಲ್ಲಿ ಕಿವಿ ಬೇಸನ್ನು ಕಡಿಮೆ ಕೇಳುತ್ತದೆ, ಜೋರಾದಂತೆ ಬೇಸ್ ಎದ್ದು ಬರುತ್ತದೆ. ಹಾಗಾಗಿ ಎರಡು ದಾರಿಗಳನ್ನು ಹೋಲಿಸುವಾಗ ಎರಡರ ಮಟ್ಟವನ್ನೂ ಲೌಡ್‌ನೆಸ್ ಮೀಟರ್‌ನಲ್ಲಿ ಒಂದೇ ಮಾಡಿ, ಆಮೇಲೆ ಕೇಳಿ. ಗೆದ್ದದ್ದು ಎಷ್ಟೋ ಸಲ ಬರೀ ಜೋರಾಗಿದ್ದದ್ದಕ್ಕೆ ಗೆದ್ದಿರುತ್ತದೆ.

ನಿಮ್ಮ ಟ್ರ್ಯಾಕ್‌ಗೆ ಯಾವುದು?

ಟೆಕ್ನೊ, ಹೌಸ್ ಥರದ ಕುಣಿತದ ಸಂಗೀತವಾದರೆ ಡಿಲೇ ಮತ್ತು ಮೊರೆತದಿಂದ ಶುರುಮಾಡಿ. 128 ಬಿಪಿಎಂಗೆ ಮುಕ್ಕಾಲು ಬೀಟ್ ಸುಮಾರು 352 ಮಿಲಿಸೆಕೆಂಡ್. ರಿವರ್ಬ್ ಬೇಕಾದರೆ ಚಿಕ್ಕದು, ಒಂದೆರಡು ಸೌಂಡಿಗೆ ಮಾತ್ರ.

ಹಾಡುವ ದನಿ ಇರುವ ಟ್ರ್ಯಾಕ್ ಆದರೆ ನಡುವಿನ ಜಾಗ ದನಿಯದು. ತುಂಬುವುದನ್ನೆಲ್ಲ ಪಕ್ಕಕ್ಕೆ ಪ್ಯಾನ್ ಮಾಡಿ. ದನಿಯ ಡಿಲೇಯನ್ನು ಪೂರ್ತಿ ಸಾಲಿಗೆ ಕೊಡದೆ ಸಾಲಿನ ಕೊನೆಯ ಪದಕ್ಕೆ ಮಾತ್ರ ಕೊಡಿ, ಖಾಲಿ ಬರುವುದು ಅಲ್ಲೇ ತಾನೆ.

ದೊಡ್ಡ ಡ್ರಾಪ್ (ಬೀಟ್, ಬೇಸ್ ಎಲ್ಲ ಒಟ್ಟಿಗೆ ಬಂದು ಬೀಳುವ ಘಟ್ಟ) ಇರುವ ಟ್ರ್ಯಾಕ್‌ಗೆ ಯೂನಿಸನ್ ಮತ್ತು ಲೇಯರ್. ಜೊತೆಗೆ ಡ್ರಾಪ್‌ಗೆ ಮುಂಚಿನ ನಾಲ್ಕೋ ಎಂಟೋ ಬಾರ್‌ಗಳನ್ನು ಬೇಕಂತಲೇ ಕಿರಿದು ಮಾಡಿ, ಮೋನೊ ಹತ್ತಿರಕ್ಕೆ ತನ್ನಿ, ಬೇಸ್ ತೆಗೆಯಿರಿ. ಇನ್ನೊಂದು ಲೇಯರ್ ಸೇರಿಸದೆಯೇ ಡ್ರಾಪ್ ಅಗಲವಾಗುತ್ತದೆ.

ಆಂಬಿಯೆಂಟ್‌ಗೆ (ತಾಳದ ಹಂಗಿಲ್ಲದೆ ಹರಡಿಕೊಳ್ಳುವ ಸಂಗೀತಕ್ಕೆ) ಮಾತ್ರ ಮೇಲಿನ ಎಚ್ಚರಿಕೆಗಳಲ್ಲಿ ಅರ್ಧ ಬೇಕಿಲ್ಲ. ಅಲ್ಲಿ 10 ಸೆಕೆಂಡಿನ ರಿವರ್ಬ್ ಬಾಲವೇ ವಾದ್ಯ. ಸ್ವರಗಳನ್ನು ಕಡಿಮೆ ಮಾಡಿ, ಎರಡು ಸ್ವರಗಳ ನಡುವೆ ಬಾಲ ಇಳಿಯಲು ಹೊತ್ತು ಕೊಡಿ, ಗ್ರ್ಯಾನ್ಯುಲರ್ ಮೋಡವನ್ನು ಅದರ ಕೆಳಗೆ ಹಾಸಿ. 300 ಹರ್ಟ್ಸ್ ಕೆಳಗಿನ ಕತ್ತರಿಯನ್ನು ಮಾತ್ರ ಇಲ್ಲೂ ಬಿಡಬೇಡಿ. ಬಾಲ ಉದ್ದವಾದಷ್ಟೂ ಕೆಳಗೆ ಕೂಡಿಕೊಳ್ಳುವ ಗುಂಯ್ ಅನ್ನುವ ಸದ್ದೂ ಜಾಸ್ತಿ.